ಎರಡು ಗಂಟೆಯ ದಾರಿಯೂ ಒಂದು ತಿಂಗಳ ಕಾಯುವಿಕೆಯೂ

ಶಾಲೆಯ ಅಂಕಗಣಿತದ ಪುಸ್ತಕಗಳಲ್ಲಿ ಕಾಲ ಮತ್ತು ದೂರವೆಂಬ ಅಧ್ಯಾಯವೊಂದು ತಪ್ಪದೆ ಇರುತ್ತದೆ. ರೈಲೊಂದು ಒಂದು ನಿಲ್ದಾಣದಿಂದ ಹೊರಡುತ್ತದೆ. ಅದರ ವೇಗ ಗಂಟೆಗೆ ಇಷ್ಟು. ಮುಂದಿನ ನಿಲ್ದಾಣವನ್ನು ಅದು ಎಷ್ಟು ಹೊತ್ತಿಗೆ ಸೇರುವುದು? ದೂರವನ್ನು ವೇಗದಿಂದ ಭಾಗಿಸಿದ ವಿದ್ಯಾರ್ಥಿಗೆ ಪೂರ್ಣ ಅಂಕಗಳು ದೊರೆಯುತ್ತವೆ. ಲೆಕ್ಕವೇನೋ ಸರಿಯೇ. ಆದರೆ ಆ ರೈಲು ದಿನವೂ ಹೊರಡುವುದೇ, ವಾರಕ್ಕೊಮ್ಮೆ ಹೊರಡುವುದೇ, ನಿಲ್ದಾಣದಲ್ಲಿ ನಿಂತವನ ಕೈಯಲ್ಲಿ ಅದರ ದರ ತೆರುವಷ್ಟು ಹಣವಿದೆಯೇ ಎಂಬುದನ್ನು ಪುಸ್ತಕ ಕೇಳುವುದಿಲ್ಲ. ಕೇಳದಿರುವುದರಿಂದ ಪಟ್ಟಣದ ಮಗುವಿಗೆ ನಷ್ಟವೇನೂ ಇಲ್ಲ. ದಿನಕ್ಕೊಂದು ಬಸ್ಸು ಬರುವ, ಮಳೆಗಾಲದಲ್ಲಿ ಅದೂ ಬಾರದ ಊರಿನ ಮಗುವಿಗೆ ಮಾತ್ರ ಈ ಲೆಕ್ಕ ಯಾರದೋ ಬೇರೆ ಲೋಕದ ಲೆಕ್ಕವಾಗಿ ತೋರುತ್ತದೆ.

ದೂರವೆಂಬುದು ಭೂಪಟದ ಮೇಲೆ ಇರುವ ವಸ್ತುವಲ್ಲ, ಮನುಷ್ಯರ ವ್ಯವಸ್ಥೆಯಿಂದ ಹಿಗ್ಗುವ ಮತ್ತು ಕುಗ್ಗುವ ವಸ್ತು ಎಂಬುದನ್ನು ತೋರಿಸಲು ದಕ್ಷಿಣ ಅಟ್ಲಾಂಟಿಕ್ ಮಹಾಸಾಗರದ ಎರಡು ಪುಟ್ಟ ದ್ವೀಪಗಳಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು. ಒಂದು ಸೇಂಟ್ ಹೆಲೆನಾ, ಇನ್ನೊಂದು ಅಸೆನ್ಷನ್. ಎರಡೂ ಬ್ರಿಟನ್ನಿನ ಆಡಳಿತಕ್ಕೆ ಒಳಪಟ್ಟವು. ಮೊದಲನೆಯದರಲ್ಲಿ ಸುಮಾರು ನಾಲ್ಕು ಸಾವಿರಕ್ಕೆ ಮೇಲ್ಪಟ್ಟ ಜನ, ಎರಡನೆಯದರಲ್ಲಿ ಒಂದು ಸಾವಿರದೊಳಗೆ. ಎರಡರಲ್ಲಿಯೂ ವಿಮಾನ ನಿಲ್ದಾಣಗಳಿವೆ. ಭೂಮಿಯ ಮೇಲಿನ ಅತ್ಯಂತ ಏಕಾಂತದ ವಿಮಾನ ನಿಲ್ದಾಣಗಳನ್ನು ಎಣಿಸುವವರು ಈ ಎರಡನ್ನೂ ಬಿಡಲಾರರು.

ಇವುಗಳ ನಡುವಣ ದೂರವನ್ನು ಹೈಸ್ಕೂಲಿನ ವಿದ್ಯಾರ್ಥಿಯೇ ಕಂಡುಹಿಡಿಯಬಹುದು. ಸೇಂಟ್ ಹೆಲೆನಾ ಇರುವುದು ಸುಮಾರು 16 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ; ಅಸೆನ್ಷನ್ ಸುಮಾರು 8 ಡಿಗ್ರಿ ದಕ್ಷಿಣದಲ್ಲಿ. ಅಂತರ 8 ಡಿಗ್ರಿ. ರೇಖಾಂಶಗಳ ಅಂತರ ಸುಮಾರು 8.7 ಡಿಗ್ರಿ, ಆದರೆ ಸಮಭಾಜಕ ವೃತ್ತದಿಂದ ದೂರ ಸರಿದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುವುದರಿಂದ ಅದನ್ನು 12 ಡಿಗ್ರಿಯ ಕೊಸೈನಿನಿಂದ ಗುಣಿಸಿ 8.5 ಎಂದು ಹಿಡಿಯಬೇಕು. ಎಂಟರ ವರ್ಗಕ್ಕೆ ಎಂಟೂವರೆಯ ವರ್ಗವನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 11.7 ಡಿಗ್ರಿ, ಡಿಗ್ರಿಯೊಂದಕ್ಕೆ 111 ಕಿಲೋಮೀಟರಿನಂತೆ ಹೆಚ್ಚು ಕಡಿಮೆ 1,300 ಕಿಲೋಮೀಟರು. ಪೈಥಾಗೊರಸನ ಪ್ರಮೇಯವನ್ನು ಕಲಿಸಿ ಅದನ್ನು ತ್ರಿಕೋನದ ಚಿತ್ರದೊಳಗೇ ಕೂಡಿಹಾಕುವ ಬದಲು ಇಂಥ ಒಂದು ಉದಾಹರಣೆಯನ್ನು ಕರಿಹಲಗೆಯ ಮೇಲೆ ಬಿಡಿಸುವ ಅಧ್ಯಾಪಕರು ಭೂಗೋಳವನ್ನೂ ಗಣಿತವನ್ನೂ ಒಂದೇ ಗಂಟೆಯಲ್ಲಿ ಕಲಿಸಿದಂತಾಗುವುದು. ಗಂಟೆಗೆ 800 ಕಿಲೋಮೀಟರು ವೇಗದ ಜೆಟ್ ವಿಮಾನಕ್ಕೆ ಈ ದೂರ ಒಂದು ಗಂಟೆ ಮೂವತ್ತೇಳೂವರೆ ನಿಮಿಷದ್ದು. ಏರುವುದಕ್ಕೂ ಇಳಿಯುವುದಕ್ಕೂ ಒಂದಿಷ್ಟು ಸೇರಿಸಿದರೆ ಎರಡು ಗಂಟೆ.

ಉತ್ತರ ಇಷ್ಟಕ್ಕೆ ಮುಗಿಯುವುದಾಗಿದ್ದರೆ ಬರೆಯುವ ಅಗತ್ಯವೇ ಇರಲಿಲ್ಲ.

ಈ ದಾರಿಯನ್ನು ಮನುಷ್ಯರು ಕ್ರಮಿಸಿದ ಬಗೆಯನ್ನು ನೋಡಬೇಕು. 1815ರಲ್ಲಿ ನೆಪೋಲಿಯನ್ನನನ್ನು ಸೇಂಟ್ ಹೆಲೆನಾಕ್ಕೆ ಗಡೀಪಾರು ಮಾಡಿದಾಗ ಆ ದ್ವೀಪವನ್ನು ಆರಿಸಿದ್ದೇ ಅದರ ದೂರಕ್ಕಾಗಿ. ಅಷ್ಟಕ್ಕೂ ತೃಪ್ತರಾಗದ ಇಂಗ್ಲಿಷರು, ಅವನನ್ನು ಬಿಡಿಸಿಕೊಂಡು ಹೋಗಲು ಬರುವವರಿಗೆ ಅಸೆನ್ಷನ್ ಮೆಟ್ಟಿಲಾದೀತೆಂದು ಶಂಕಿಸಿ, ಅದೇ ವರ್ಷ ಅಲ್ಲಿಯೂ ನೌಕಾದಳದ ಕಾವಲಿಟ್ಟರು. ಹೀಗೆ ಈ ಎರಡು ದ್ವೀಪಗಳ ಸಂಬಂಧ ಪ್ರಾರಂಭವಾದದ್ದು ಸೆರೆಮನೆಗೂ ಅದರ ಹೊರಗಿನ ಗೋಡೆಗೂ ಇರುವ ಸಂಬಂಧದಂತೆ. 1821ರ ಮೇ 5ರಂದು ನೆಪೋಲಿಯನ್ ತೀರಿಕೊಂಡ ಸುದ್ದಿ ಲಂಡನ್ನನ್ನು ತಲುಪಿದ್ದು ಜುಲೈ ತಿಂಗಳ ಆರಂಭದಲ್ಲಿ. ಅವನನ್ನು ವಾಟರ್‌ಲೂ ಯುದ್ಧದಲ್ಲಿ ಸೋಲಿಸಿದ ಆರ್ಥರ್ ವೆಲ್ಲೆಸ್ಲಿ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದವನು, ಅನಂತರ ಅದೇ ಊರಿನ ಆಡಳಿತ ನಡೆಸಿದವನು. 1805ರಲ್ಲಿ ಭಾರತದಿಂದ ಮರಳುವಾಗ ಅವನೂ ಸೇಂಟ್ ಹೆಲೆನಾದಲ್ಲಿ ಕೆಲಕಾಲ ತಂಗಿದ್ದನು. ಈಸ್ಟ್ ಇಂಡಿಯಾ ಕಂಪನಿಯ ವಶದಲ್ಲಿದ್ದ ಆ ದ್ವೀಪ ಭಾರತದಿಂದ ಮರಳುವ ಹಡಗುಗಳಿಗೆ ನೀರು ಸೊಪ್ಪು ಒದಗಿಸುವ ತಂಗುದಾಣವಾಗಿತ್ತು. ಸೂಯೆಜ್ ಕಾಲುವೆ 1869ರಲ್ಲಿ ತೆರೆದ ಮೇಲೆ ಹಡಗುಗಳು ಆ ಕಡೆ ಹಾಯುವುದೇ ಕಡಿಮೆಯಾಯಿತು. ದ್ವೀಪ ಅಲ್ಲಿಯೇ ಇತ್ತು. ಒಂದು ಗೇಣೂ ಸರಿದಿರಲಿಲ್ಲ. ಆದರೂ ಅದು ಲೋಕದಿಂದ ದೂರವಾಯಿತು. ದೂರದ ನಿಜವಾದ ಸ್ವಭಾವವನ್ನು ಅರಿಯಲು ಇದೊಂದು ಸಂಗತಿಯೇ ಸಾಕು.

1836ರ ಜುಲೈ ತಿಂಗಳಲ್ಲಿ ಚಾರ್ಲ್ಸ್ ಡಾರ್ವಿನ್ ಇದ್ದ ಬೀಗಲ್ ಹಡಗು ಸೇಂಟ್ ಹೆಲೆನಾದಿಂದ 14ನೆಯ ತಾರೀಖು ಹೊರಟು 19ರಂದು ಅಸೆನ್ಷನ್ ಸೇರಿತು. ಅನುಕೂಲವಾದ ಆಗ್ನೇಯ ವಾಣಿಜ್ಯ ಮಾರುತ ಹಿಂದಿನಿಂದ ನೂಕುತ್ತಿದ್ದರೂ ಐದು ದಿನ. 1899ರಲ್ಲಿ ಸಮುದ್ರದ ತಳದಲ್ಲಿ ತಂತಿಯನ್ನು ಹಾಸಿ ದಕ್ಷಿಣ ಆಫ್ರಿಕದಿಂದ ಈ ಎರಡೂ ದ್ವೀಪಗಳಿಗೆ ಸಂಪರ್ಕ ಕಲ್ಪಿಸಲಾಯಿತು. ಅಲ್ಲಿಂದ ಮುಂದೆ ಸುದ್ದಿಗೆ ದೂರವಿಲ್ಲ, ಮನುಷ್ಯನಿಗೆ ಮಾತ್ರ ದೂರ ಎಂಬ ವಿಚಿತ್ರ ಸ್ಥಿತಿ ಉಂಟಾಯಿತು. ಇದನ್ನು ಸೌಕರ್ಯವೆಂದು ಎಲ್ಲರೂ ಕರೆಯುತ್ತಾರೆ, ಸೌಕರ್ಯವೂ ಹೌದು. ಆದರೆ ತಾಯಿಯ ಅಸ್ವಸ್ಥತೆ ಕ್ಷಣದಲ್ಲಿ ತಿಳಿದು, ಅವಳ ಬಳಿಗೆ ಹೋಗಲು ವಾರಗಟ್ಟಲೆ ಕಾಯಬೇಕಾದವನ ಸಂಕಟ, ಸುದ್ದಿಯೇ ತಡವಾಗಿ ಬರುತ್ತಿದ್ದ ಕಾಲದವನ ಸಂಕಟಕ್ಕಿಂತ ಹಿರಿದೋ ಕಿರಿದೋ ಎಂಬುದು ವಿಚಾರಾರ್ಹ.

ಈ ಮಾತು ಬರಿಯ ಊಹೆಯಲ್ಲ. ಅಸೆನ್ಷನ್ನಿನಲ್ಲಿ ಮೂಲನಿವಾಸಿಗಳೆಂಬವರಿಲ್ಲ, ಅಲ್ಲಿ ನೆಲೆಸುವ ಹಕ್ಕು ಯಾರಿಗೂ ಇಲ್ಲ. ಸೇನಾ ನೆಲೆ, ತಂತಿ ಮತ್ತು ರೇಡಿಯೋ ಕೇಂದ್ರಗಳು, ಆಡಳಿತ ಇವುಗಳ ಉದ್ಯೋಗಕ್ಕಾಗಿ ಬಂದವರು ಕರಾರು ಮುಗಿದೊಡನೆ ಹೊರಡಬೇಕು. ಹೀಗೆ ಬಂದವರಲ್ಲಿ ಹೆಚ್ಚಿನವರು ಸೇಂಟ್ ಹೆಲೆನಾದವರು. ತಮ್ಮ ಊರಿನಲ್ಲಿ ಸಂಬಳ ಸಾಲದೆ, ಮಕ್ಕಳನ್ನು ಅಜ್ಜ ಅಜ್ಜಿಯರ ವಶಕ್ಕೆ ಒಪ್ಪಿಸಿ, ಅಸೆನ್ಷನ್ನಿನಲ್ಲಿಯೋ ಇನ್ನೂ ದೂರದ ಫಾಕ್‌ಲೆಂಡ್ ದ್ವೀಪಗಳಲ್ಲಿಯೋ ವರ್ಷಗಳನ್ನು ಕಳೆಯುವುದು ಅಲ್ಲಿನ ಸಂಸಾರಗಳಲ್ಲಿ ತಲೆಮಾರುಗಳಿಂದ ನಡೆದುಬಂದ ರೂಢಿ. ಬೀದರ, ಕಲಬುರಗಿ, ರಾಯಚೂರು ಸೀಮೆಗಳಿಂದ ಮುಂಬಯಿ, ಪುಣೆಗಳಿಗೆ ದುಡಿಯಲು ಹೋದವರ ಮನೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಈ ಎರಡು ದ್ವೀಪಗಳ ನಡುವಣ 1,300 ಕಿಲೋಮೀಟರು ಹೀಗೆ ಒಂದು ಮನೆಯ ಜಗಲಿಗೂ ಅಡುಗೆಮನೆಗೂ ನಡುವಣ ದೂರವಾಗಿದೆ.

ಅಸೆನ್ಷನ್ನಿಗೆ ವಿಮಾನ ನಿಲ್ದಾಣ ಬೇಗನೆ ಬಂದಿತು. ಎರಡನೆಯ ಮಹಾಯುದ್ಧದ ಸಮಯದಲ್ಲಿ, 1942ರಲ್ಲಿ, ಅಮೆರಿಕದ ಸೇನೆಯ ಎಂಜಿನಿಯರುಗಳು ಜ್ವಾಲಾಮುಖಿಯ ಬಂಡೆಯನ್ನು ಒಡೆದು ಓಡುಪಥವನ್ನು ನಿರ್ಮಿಸಿದರು. ಅಲ್ಲಿ ಗೂಡು ಕಟ್ಟುತ್ತಿದ್ದ ಒಂದು ಜಾತಿಯ ಕಡಲಹಕ್ಕಿಗಳ ಹೆಸರಿನಿಂದಲೇ ಅದು ವೈಡ್‌ಅವೇಕ್ ಎಂದು ಪ್ರಸಿದ್ಧವಾಯಿತು. 1982ರ ಫಾಕ್‌ಲೆಂಡ್ ಯುದ್ಧದಲ್ಲಿ ಬ್ರಿಟನ್ನಿನ ವಿಮಾನಗಳಿಗೆ ಇದೇ ಆಧಾರ. ಯುದ್ಧದ ತರುವಾಯವೂ ಬ್ರಿಟನ್ನಿನಿಂದ ಅಸೆನ್ಷನ್ ಮಾರ್ಗವಾಗಿ ಫಾಕ್‌ಲೆಂಡಿಗೆ ವಾಯುಸೇನೆಯ ವಿಮಾನಗಳು ಹಾರಾಡುತ್ತಿದ್ದವು. ನಾಗರಿಕರಿಗೂ ಅವುಗಳಲ್ಲಿ ಸ್ಥಳ ದೊರೆಯುತ್ತಿತ್ತು. ಸೇಂಟ್ ಹೆಲೆನಾದವರಿಗೆ ಮಾತ್ರ ಹಡಗೇ ಗತಿ. 1990ರಿಂದ 2018ರವರೆಗೆ ಆ ದ್ವೀಪದ ಹೆಸರನ್ನೇ ಹೊತ್ತ ಒಂದು ಅಂಚೆಯ ಹಡಗು ಅವರಿಗೆ ಲೋಕದ ಏಕೈಕ ಬಾಗಿಲಾಗಿ ಓಡಾಡಿತು. ಕೇಪ್‌ಟೌನಿನಿಂದ ಐದು ದಿನ; ಅಸೆನ್ಷನ್ನಿನಿಂದ, ಗಂಟೆಗೆ 15 ನಾಟಿಕಲ್ ಮೈಲಿಯ ವೇಗದಲ್ಲಿ, ಸುಮಾರು ಎರಡು ದಿನ. ಆ ಹಡಗು ಕೆಟ್ಟು ನಿಂತರೆ ಅಂಗಡಿಗಳ ಕಪಾಟುಗಳು ಬರಿದಾಗುತ್ತಿದ್ದವು.

ಕೊನೆಗೆ ಬ್ರಿಟಿಷ್ ಸರ್ಕಾರ 28 ಕೋಟಿ 50 ಲಕ್ಷ ಪೌಂಡುಗಳ ವೆಚ್ಚದಲ್ಲಿ ಸೇಂಟ್ ಹೆಲೆನಾದಲ್ಲಿ ವಿಮಾನ ನಿಲ್ದಾಣವನ್ನು ಕಟ್ಟಿಸಿತು. ಕಡಿದಾದ ಬಂಡೆಯ ತುದಿಯಲ್ಲಿರುವ ಬಯಲೊಂದನ್ನು ಅದಕ್ಕಾಗಿ ಆರಿಸಿದರು. ಓಡುಪಥಕ್ಕೆ ಉದ್ದ ಸಾಲದೆ ಸುಮಾರು ನೂರು ಮೀಟರು ಆಳದ ಒಂದು ಕಣಿವೆಯನ್ನೇ ಕಲ್ಲುಮಣ್ಣಿನಿಂದ ತುಂಬಿದರು. 2016ರ ಏಪ್ರಿಲಿನಲ್ಲಿ ಪರೀಕ್ಷಾರ್ಥವಾಗಿ ದೊಡ್ಡ ಜೆಟ್ ವಿಮಾನವೊಂದನ್ನು ಇಳಿಸಿದಾಗ ಗಾಳಿಯ ಹೊಯ್ದಾಟ ಬಯಲಾಯಿತು. ಸಮುದ್ರದಿಂದ ಬೀಸುವ ಮಾರುತ ಬಂಡೆಗೆ ಅಪ್ಪಳಿಸಿ ಮೇಲಕ್ಕೆ ಚಿಮ್ಮುವುದರಿಂದ ಓಡುಪಥದ ಒಂದು ತುದಿಯಲ್ಲಿ ಗಾಳಿಯ ವೇಗವೂ ದಿಕ್ಕೂ ಹಠಾತ್ತನೆ ಬದಲಾಗುತ್ತಿದ್ದವು. ಉದ್ಘಾಟನೆ ಮುಂದಕ್ಕೆ ಹೋಯಿತು. ಲಂಡನ್ನಿನ ಪತ್ರಿಕೆಗಳಿಗೆ ಹಬ್ಬವಾಯಿತು. ಲೋಕದಲ್ಲೇ ಅತ್ಯಂತ ನಿರುಪಯುಕ್ತವಾದ ವಿಮಾನ ನಿಲ್ದಾಣವೆಂಬ ಬಿರುದು ಅದಕ್ಕೆ ಸಂದಿತು.

ಇಲ್ಲಿ ಯೋಜಕರ ತಪ್ಪನ್ನು ಮುಚ್ಚುವ ಅಗತ್ಯವಿಲ್ಲ. ಡಾರ್ವಿನ್ ತನ್ನ ಪ್ರವಾಸದ ಪುಸ್ತಕದಲ್ಲಿ ಅದೇ ದ್ವೀಪದ ಬಯಲೊಂದರ ಅಂಚಿನಲ್ಲಿ ನಿಂತಾಗ ಕಂಡದ್ದನ್ನು ಬರೆದಿಟ್ಟಿದ್ದಾನೆ. ಕೆಲವೇ ಗಜಗಳ ಮುಂದೆ ಹಕ್ಕಿಗಳು ಬಿರುಗಾಳಿಗೆದುರಾಗಿ ಹೆಣಗುತ್ತಿದ್ದವು. ಅವನು ನಿಂತಲ್ಲಿ ಗಾಳಿಯ ಸುಳಿವೇ ಇರಲಿಲ್ಲ. ಅಂಚಿಗೆ ಹೋಗಿ ತೋಳನ್ನು ಚಾಚಿದಾಗ ಗಾಳಿಯ ಪೂರ್ಣ ರಭಸ ಕೈಗೆ ತಗಲಿತು. 180 ವರ್ಷಗಳ ಹಿಂದೆ ಒಬ್ಬ ತರುಣ ತೋಳನ್ನು ಚಾಚಿ ತಿಳಿದುಕೊಂಡುದನ್ನು ಕೋಟ್ಯಂತರ ಪೌಂಡುಗಳ ಯೋಜನೆ ವಿಮಾನವನ್ನು ಇಳಿಸಿ ತಿಳಿದುಕೊಳ್ಳಬೇಕಾಯಿತು. ದೊಡ್ಡ ಯೋಜನೆಗಳನ್ನು ರಚಿಸುವವರು ಸ್ಥಳದ ಗಾಳಿಯನ್ನು ಅರಿತವರ ಮಾತನ್ನು ಕೊನೆಯಲ್ಲಿ ಕೇಳುವುದು ಆ ಒಂದು ದ್ವೀಪದ ರೋಗವಲ್ಲ. ಕೆರೆಯ ಕೋಡಿ ಯಾವ ಕಡೆಗಿರಬೇಕೆಂದು ಊರಿನ ನೀರುಗಂಟಿಯನ್ನು ಕೇಳದೆ ನಕಾಶೆ ತಯಾರಿಸುವವರು ನಮ್ಮ ನಾಡಿನಲ್ಲಿಯೂ ಇದ್ದಾರೆ.

ಆದರೆ ಅಪಹಾಸ್ಯ ಮಾಡಿದವರು ಒಂದು ವರ್ಷ ಕಾದಿದ್ದರೆ ಒಳ್ಳೆಯದಿತ್ತು. 2017ರ ಅಕ್ಟೋಬರ್ 14ರಂದು ಜೋಹಾನ್ಸ್‌ಬರ್ಗಿನಿಂದ ಮೊದಲ ವಾಣಿಜ್ಯ ವಿಮಾನ ಸೇಂಟ್ ಹೆಲೆನಾದಲ್ಲಿ ಇಳಿಯಿತು. ದೊಡ್ಡ ವಿಮಾನದ ಬದಲು ನೂರು ಜನರೊಳಗಿನ ಎಂಬ್ರೇಯರ್ ವಿಮಾನ. ಅದರಲ್ಲಿಯೂ ಭಾರ ತಗ್ಗಿಸಲು ಕೆಲವು ಆಸನಗಳು ಖಾಲಿ. ಹತ್ತಿರದಲ್ಲಿ ಬೇರೆ ನಿಲ್ದಾಣವಿಲ್ಲದ ಕಾರಣ ಇಳಿಯಲಾಗದಿದ್ದರೆ ಆಫ್ರಿಕಕ್ಕೆ ಹಿಂದಿರುಗುವಷ್ಟು ಇಂಧನವನ್ನೂ ಹೊತ್ತಿರಬೇಕು. ಅದಕ್ಕಾಗಿ ಕರಾವಳಿಯ ವಾಲ್ವಿಸ್ ಬೇ ನಿಲ್ದಾಣದಲ್ಲಿ ಟ್ಯಾಂಕು ತುಂಬಿಸಿಕೊಂಡು 2,200 ಕಿಲೋಮೀಟರಿಗೂ ಹೆಚ್ಚು ದೂರದ ಕಡಲನ್ನು ಹಾಯಬೇಕು. ಐದು ದಿನಗಳ ದಾರಿ ಒಂದು ಹಗಲಿನದಾಯಿತು. ರೋಗಿಗಳನ್ನು ಆಫ್ರಿಕದ ದೊಡ್ಡ ಆಸ್ಪತ್ರೆಗಳಿಗೆ ಸಾಗಿಸುವುದು ಸಾಧ್ಯವಾಯಿತು. ಹಡಗಿಗೆ ಕಾದು, ಹಡಗಿನಲ್ಲಿ ಐದು ದಿನ ಕಳೆಯುವಷ್ಟು ಆಯುಸ್ಸು ಎಲ್ಲ ರೋಗಿಗಳಿಗೂ ಇರುವುದಿಲ್ಲ.

ಅದೇ ವರ್ಷವೇ ವಿಧಿಯ ವಿನೋದವೆಂಬಂತೆ ಇನ್ನೊಂದು ಸಂಗತಿ ನಡೆಯಿತು. ಅಸೆನ್ಷನ್ನಿನ ಹಳೆಯ ಓಡುಪಥದಲ್ಲಿ ಗುಳಿಗಳು ಬಿದ್ದು, 2017ರ ಏಪ್ರಿಲಿನಲ್ಲಿ ದೊಡ್ಡ ವಿಮಾನಗಳು ಅಲ್ಲಿ ಇಳಿಯುವುದನ್ನು ನಿಲ್ಲಿಸಬೇಕಾಯಿತು. ಬ್ರಿಟನ್ನಿನಿಂದ ನೇರವಾಗಿ ಬರುತ್ತಿದ್ದ ವಾಯುಸೇನೆಯ ದಾರಿ ಕಡಿಯಿತು. ದುರಸ್ತಿ ಮುಗಿದು ದೊಡ್ಡ ವಿಮಾನಗಳು ಮರಳಿದ್ದು 2023ರಲ್ಲಿ. ತಲೆಮಾರುಗಳ ಕಾಲ ಅಸೆನ್ಷನ್ನಿನ ಬಾಗಿಲಿನಿಂದ ಲೋಕಕ್ಕೆ ಹೋಗುತ್ತಿದ್ದವರು ಸೇಂಟ್ ಹೆಲೆನಾದವರು. ಈಗ ಅಸೆನ್ಷನ್ನಿನವರೇ ಸೇಂಟ್ ಹೆಲೆನಾದ ಬಾಗಿಲಿಗೆ ಬರಬೇಕಾಯಿತು. ನಿರುಪಯುಕ್ತವೆನಿಸಿಕೊಂಡ ನಿಲ್ದಾಣವೇ ಎರಡು ದ್ವೀಪಗಳ ಆಧಾರವಾಯಿತು. 2017ರ ನವೆಂಬರಿನಲ್ಲಿ ಎರಡರ ನಡುವೆ ವಿಮಾನ ಸಂಚಾರ ಆರಂಭವಾಯಿತು. ಎಷ್ಟು ದಿನಕ್ಕೊಮ್ಮೆ? ತಿಂಗಳಿಗೊಮ್ಮೆ.

ಮೊದಲು ಹಾಕಿದ ಲೆಕ್ಕಕ್ಕೆ ಇಲ್ಲಿ ಮರಳಬೇಕು. ಹಾರಾಟದ ಕಾಲ ಎರಡು ಗಂಟೆ ಎಂದು ವೇಳಾಪಟ್ಟಿ ಹೇಳುತ್ತದೆ. ಅಸೆನ್ಷನ್ನಿನಲ್ಲಿ ದುಡಿಯುವ ಒಬ್ಬಳಿಗೆ ವಿಮಾನ ಹೋದ ಮರುದಿನ ಮನೆಯಿಂದ ಕೆಟ್ಟ ಸುದ್ದಿ ಬಂದರೆ ಆಕೆಯ ದಾರಿ ಎರಡು ಗಂಟೆಯದಲ್ಲ, ಇಪ್ಪತ್ತೊಂಬತ್ತು ದಿನ ಮತ್ತು ಎರಡು ಗಂಟೆಯದು. ತಿಂಗಳಿಗೊಮ್ಮೆ ಹಾರುವ ವಿಮಾನಕ್ಕಾಗಿ, ಯಾವ ದಿನ ಬೇಕಾದರೂ ಅಗತ್ಯ ಬೀಳಬಹುದಾದ ಮನುಷ್ಯ ಸರಾಸರಿಯಲ್ಲಿ ಹದಿನೈದು ದಿನ ಕಾಯಬೇಕು. ಹದಿನೈದು ದಿನದಲ್ಲಿ 1,300 ಕಿಲೋಮೀಟರೆಂದರೆ ದಿನಕ್ಕೆ ತೊಂಬತ್ತು ಕಿಲೋಮೀಟರೂ ಆಗಲಿಲ್ಲ. ಗಂಟೆಗೆ ಮೂರೂಮುಕ್ಕಾಲು ಕಿಲೋಮೀಟರಿಗೂ ಕಡಿಮೆ. ಜೆಟ್ ವಿಮಾನದ ಯುಗದಲ್ಲಿ ಕಾಲ್ನಡಿಗೆಯ ವೇಗ! ಡಾರ್ವಿನ್ನನ ಹಾಯಿಹಡಗು ಇದರ ಮೂರು ಪಟ್ಟು ಬೇಗ ಸಾಗಿತ್ತು. ಕಾಯುವಿಕೆಯನ್ನು ಪ್ರಯಾಣದ ಕಾಲದಲ್ಲಿ ಸೇರಿಸುವುದು ಅನ್ಯಾಯವೆಂದು ಯಾರಾದರೂ ಆಕ್ಷೇಪಿಸಬಹುದು. ಹಡಗಿಗೂ ಕಾಯಬೇಕಾಗಿತ್ತಲ್ಲವೇ ಎಂದರೆ ಅದೂ ನಿಜ. ವಿಹಾರಕ್ಕಾಗಿ ಹೋಗುವ ಪ್ರವಾಸಿ ತನಗೆ ಬೇಕಾದ ದಿನವನ್ನು ವರ್ಷದ ಮೊದಲೇ ಗೊತ್ತುಮಾಡಿಕೊಳ್ಳಬಲ್ಲನು. ಅವನಿಗೆ ದಾರಿ ನಿಜವಾಗಿಯೂ ಎರಡೇ ಗಂಟೆ. ಸಾವು, ಹೆರಿಗೆ, ಜ್ವರ, ಪರೀಕ್ಷೆಯ ಕರೆ ಇವು ವೇಳಾಪಟ್ಟಿ ನೋಡಿ ಬರುವುದಿಲ್ಲ. ಒಂದೇ ದಾರಿ ಒಬ್ಬನಿಗೆ ಎರಡು ಗಂಟೆಯದಾಗಿ ಇನ್ನೊಬ್ಬಳಿಗೆ ಒಂದು ತಿಂಗಳಿನದಾಗುವುದಾದರೆ, ಅದರ ಉದ್ದವನ್ನು ಯಾರ ಅಳತೆಯಿಂದ ಬರೆಯಬೇಕು? ಅಗತ್ಯವಿದ್ದವರ ಅಳತೆಯಿಂದಲೇ ಬರೆಯಬೇಕೆಂಬುದೇ ಈ ಲೇಖನದ ಅಭಿಪ್ರಾಯ.

ವೆಚ್ಚದ ಪ್ರಶ್ನೆಯನ್ನು ತೇಲಿಸಿಬಿಡಲಾಗದು. ನಿಲ್ದಾಣದ ವೆಚ್ಚವನ್ನು ಜನಸಂಖ್ಯೆಯಿಂದ ಭಾಗಿಸಿದರೆ ಸೇಂಟ್ ಹೆಲೆನಾದ ತಲೆಗೆ ಅರವತ್ತು ಸಾವಿರ ಪೌಂಡುಗಳಿಗಿಂತ ಹೆಚ್ಚಾಗುತ್ತದೆ. ಅಷ್ಟು ಹಣದಿಂದ ಬೇರೆಡೆ ಎಷ್ಟು ಜನರ ಕಷ್ಟ ನೀಗಬಹುದಾಗಿತ್ತೆಂದು ಕೇಳಿದವರು ಹೃದಯಹೀನರಲ್ಲ, ಪ್ರಶ್ನೆ ನ್ಯಾಯವಾದುದೇ. ಆದರೆ ಭಾಗಾಕಾರದಲ್ಲಿ ಒಂದು ದೋಷವಿದೆ. ಎಲ್ಲಿ ಜನ ಕಡಿಮೆಯೋ ಅಲ್ಲಿ ತಲೆಗೆ ಬೀಳುವ ವೆಚ್ಚ ಯಾವಾಗಲೂ ಹೆಚ್ಚೇ. ತಲಾ ವೆಚ್ಚವನ್ನೇ ಪ್ರಮಾಣವೆಂದು ಹಿಡಿದರೆ ದೂರದವರಿಗೆ ಎಂದೂ ಏನೂ ದೊರೆಯಲಾರದು. ದೊರೆಯದಿರುವುದರಿಂದ ಅಲ್ಲಿಂದ ಇನ್ನಷ್ಟು ಜನ ಹೊರಟುಹೋಗುವರು. ತಲಾ ವೆಚ್ಚ ಇನ್ನಷ್ಟು ಏರುವುದು. ಹತ್ತು ಮಕ್ಕಳ ಶಾಲೆಯನ್ನು ಮುಚ್ಚಿಸುವುದೂ ಇದೇ ತರ್ಕವೇ.

ಕನ್ನಡ ನಾಡಿನ ಮಠಗಳು ಈ ತರ್ಕಕ್ಕೆ ತಲೆಬಾಗದಿದ್ದುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಕಳೆದ ಶತಮಾನದ ಆರಂಭದಲ್ಲಿ ಹಳ್ಳಿಯ ಬಡ ಹುಡುಗನಿಗೆ ಹೈಸ್ಕೂಲು ಇದ್ದ ಊರು ಹತ್ತೋ ಹದಿನೈದೋ ಮೈಲಿ. ಗಾಡಿಯ ದಾರಿಯಲ್ಲಿ ಅದು ಅರ್ಧ ದಿನದ್ದು. ಆದರೂ ಅದು ಅವನಿಗೆ ಎಂದೂ ಮುಟ್ಟಲಾಗದ ದೂರವಾಗಿತ್ತು, ಏಕೆಂದರೆ ಅಲ್ಲಿ ಉಣ್ಣಲು ಮಲಗಲು ಎಡೆಯಿರಲಿಲ್ಲ. ಧಾರವಾಡದ ಮುರುಘಾಮಠ, ತುಮಕೂರು ಬಳಿಯ ಸಿದ್ಧಗಂಗಾ, ಸುತ್ತೂರು ಮುಂತಾದ ಕಡೆಗಳಲ್ಲಿ ಉಚಿತ ಪ್ರಸಾದನಿಲಯಗಳು ತಲೆಯೆತ್ತಿದಾಗ ರಸ್ತೆಯನ್ನು ಯಾರೂ ಕಡಿಮೆ ಮಾಡಲಿಲ್ಲ. ಗಾಡಿಯ ವೇಗವನ್ನು ಯಾರೂ ಹೆಚ್ಚಿಸಲಿಲ್ಲ. ದಿನದಿನದ ಪ್ರಯಾಣವನ್ನೇ ಇಲ್ಲವಾಗಿಸಿ ವರ್ಷಕ್ಕೆ ಎರಡು ಬಾರಿಯ ಪ್ರಯಾಣ ಸಾಕೆನ್ನುವಂತೆ ಮಾಡಿದರು. ಮನೆಮನೆಗೆ ಹೋಗಿ ಜೋಳ, ಅಕ್ಕಿ, ಬೇಳೆ ಸಂಗ್ರಹಿಸಿ ತಂದವರಾಗಲಿ ಅದನ್ನಿತ್ತ ರೈತರಾಗಲಿ ಒಬ್ಬ ಹುಡುಗನ ತಲೆಗೆ ಎಷ್ಟು ಬಿದ್ದಿತೆಂದು ಭಾಗಿಸಿ ನೋಡಲಿಲ್ಲ. ದಾಸೋಹವೆಂಬ ಮಾತಿಗೆ ಅಂಥ ಭಾಗಾಕಾರದೊಡನೆ ಹೊಂದಿಕೆಯೂ ಇಲ್ಲ.

ಹಾಗೆಂದು ಕೇಳಿದವರಿಗೆಲ್ಲ ವಿಮಾನ ನಿಲ್ದಾಣ ಕೊಡಬೇಕೆಂದು ವಾದಿಸುವುದು ಮೂರ್ಖತನ. ಕರ್ನಾಟಕದಲ್ಲಿಯೂ ಜಿಲ್ಲೆಗೊಂದು ನಿಲ್ದಾಣವೆಂಬ ಕೂಗು ಎದ್ದಿದೆ. ಕಟ್ಟಡ ಉದ್ಘಾಟನೆಯಾಗಿ, ವಿಮಾನ ಕೆಲವು ತಿಂಗಳು ಬಂದು, ನಿಂತುಹೋದ ನಿದರ್ಶನಗಳೂ ಇವೆ. ಬೀದರಿನಲ್ಲಿ 2020ರಲ್ಲಿ ಆರಂಭವಾದ ನಾಗರಿಕ ವಿಮಾನ ಸಂಚಾರ 2023ರ ಕೊನೆಗೆ ನಿಂತದ್ದನ್ನು ಆ ಭಾಗದವರು ಬಲ್ಲರು. ಕಲ್ಲು ಕಾಂಕ್ರೀಟಿಗೆ ದೊರೆಯುವ ಹಣ ಮತ್ತು ಹಾರದ ಹೊಗಳಿಕೆ, ಅದರ ಮೇಲೆ ದಿನವೂ ವಾಹನ ಓಡಿಸುವುದಕ್ಕೆ ದೊರೆಯುವುದಿಲ್ಲ. ದಾನಿಗಳೂ ಹಲವು ವೇಳೆ ಹೀಗೆಯೇ. ಕೊಠಡಿ ಕಟ್ಟಿಸಿ ಬಾಗಿಲಿನ ಮೇಲೆ ಹೆಸರು ಕೆತ್ತಿಸಲು ಮುಂದಾಗುವವರು ಅನೇಕರು. ಆ ಕೊಠಡಿಗೆ ಮಗು ಬರುವಂತೆ ಹತ್ತು ವರ್ಷ ಬಸ್ಸಿನ ಚಾರ್ಜು ಕೊಡುವವರು ವಿರಳ. ಕೊಠಡಿಯ ಗೋಡೆಗೆ ಕಲ್ಲಿನ ಫಲಕ ಹೊಂದುತ್ತದೆ. ಬಸ್ಸಿನ ಪಾಸಿಗೆ ಹೊಂದುವುದಿಲ್ಲ. ಈ ಮಾತು ಯಾರನ್ನೂ ನೋಯಿಸಲೆಂದು ಬರೆದುದಲ್ಲ. ಅಸೆನ್ಷನ್ನಿನ ಓಡುಪಥ ಗುಳಿಬಿದ್ದದ್ದೂ ಕಟ್ಟಿದವರು ಕಡಿಮೆ ಕಟ್ಟಿದ್ದರಿಂದಲ್ಲ.

ಅಧ್ಯಾಪಕರಿಗೆ ಇಲ್ಲಿ ಕೈಗೆಟಕುವ ಕೆಲಸವೊಂದಿದೆ. ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ತಮ್ಮ ಮನೆಯಿಂದ ಶಾಲೆಗೆ ಇರುವ ದೂರವನ್ನು ಮೂರು ಬಗೆಯಲ್ಲಿ ಬರೆಯುವಂತೆ ಹೇಳಬಹುದು: ನಕಾಶೆಯ ಮೇಲೆ ಸೂತ್ರ ಹಿಡಿದು ಕಿಲೋಮೀಟರುಗಳಲ್ಲಿ, ಬಸ್ಸು ಹತ್ತಿದಲ್ಲಿಂದ ಇಳಿಯುವವರೆಗೆ ನಿಮಿಷಗಳಲ್ಲಿ, ಮನೆಯ ಹೊಸ್ತಿಲು ದಾಟಿದಲ್ಲಿಂದ ತರಗತಿಯಲ್ಲಿ ಕೂರುವವರೆಗೆ, ಕಾದ ಹೊತ್ತನ್ನೂ ಸೇರಿಸಿ. ಮೂರನೆಯ ಅಂಕಣದಲ್ಲಿ ಪೇಟೆಯ ಹುಡುಗನ ಮುಂದೆ ಇಪ್ಪತ್ತು ನಿಮಿಷವೆಂದೂ, ಅಷ್ಟೇ ದೂರದ ಹಳ್ಳಿಯ ಹುಡುಗಿಯ ಮುಂದೆ ಎರಡೂವರೆ ಗಂಟೆಯೆಂದೂ ಬಂದರೆ, ಆ ಹಾಳೆಯನ್ನು ತರಗತಿಯ ಗೋಡೆಯ ಮೇಲೆ ಅಂಟಿಸುವುದರ ಬದಲು ಆಡಳಿತ ಮಂಡಳಿಯ ಮುಂದಿನ ಸಭೆಗೆ ಒಯ್ಯುವುದು ಮೇಲು. ಬಸ್ಸಿನ ವೇಳೆಯನ್ನು ಅರ್ಧ ಗಂಟೆ ಹಿಂದುಮುಂದು ಮಾಡಿಸಲು ಸಾರಿಗೆಯ ಡಿಪೋಗೆ ಒಂದು ಮನವಿ ಸಾಕಾಗಬಹುದು. ಪ್ರಾರ್ಥನೆಯ ಗಂಟೆಯನ್ನೇ ಹದಿನೈದು ನಿಮಿಷ ಮುಂದಕ್ಕೆ ಹಾಕಿದರೂ ಆ ಹುಡುಗಿ ತಡವಾಗಿ ಬಂದವರ ಸಾಲಿನಲ್ಲಿ ನಿಲ್ಲುವುದು ತಪ್ಪೀತು.